ಸೂರ್ಯನ ಸೀಮೆ ಎಲ್ಲಿಗೆ ಮುಗಿಯುತ್ತದೆ?

ವೆಸ್ಟ್ ಮಾಂಬಲಂನಲ್ಲಿ ಲೇಕ್ ವ್ಯೂ ರೋಡ್ ಎಂಬ ಬೀದಿಯಿರುವುದನ್ನು ನಮ್ಮ ವಾಚಕರೆಲ್ಲ ಬಲ್ಲರು. ಹೆಸರನ್ನು ನಂಬಿ ಕೆರೆಯನ್ನು ಹುಡುಕುತ್ತ ಹೋದವರಿಗೆ ಅಲ್ಲಿ ಕಾಣಸಿಗುವುದು ಮನೆಗಳು, ಅಂಗಡಿಗಳು, ಸ್ಕೂಟರುಗಳ ಸಾಲು ಇಷ್ಟೆ. ಕೆರೆ ಇದ್ದದ್ದೇನೋ ನಿಜ. 1920ರ ದಶಕದಲ್ಲಿ ಆ ಉದ್ದನೆಯ ಕೆರೆಯನ್ನು ಬರಿದುಮಾಡಿ, ರೈಲು ಹಳಿಯ ಆಚೆಗೆ ತ್ಯಾಗರಾಯನಗರವನ್ನು ಕಟ್ಟಿದರು. ಈಚೆಗೆ ಹೆಸರೊಂದು ಉಳಿಯಿತು. ದಂಡೆ ಎಲ್ಲಿತ್ತೆಂದು ಇಂದು ಬೆರಳಿಟ್ಟು ತೋರಿಸಬಲ್ಲವರು ವಿರಳ. ಆದರೆ 2015ರ ಡಿಸೆಂಬರಿನಲ್ಲಿ ಸುರಿದಂಥ ಮಳೆ ಸುರಿದಾಗ ನೀರು ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಹಳೆಯ ತಗ್ಗುಗಳನ್ನು ಹುಡುಕಿಕೊಂಡು ಬಂದು ನಿಲ್ಲುತ್ತದೆ. ಕಣ್ಣಿಗೆ ಕಾಣದ ಎಲ್ಲೆಯನ್ನು ಗುರುತಿಸಬೇಕಾದರೆ ಇದೇ ದಾರಿ: ಒಳಗಿನಿಂದ ಹರಿಯುವುದೇನು, ಹೊರಗಿನಿಂದ ನುಗ್ಗುವುದೇನು ಎಂದು ನೋಡುತ್ತ ಕೂಡಬೇಕು.

ಇದೇ ಪ್ರಶ್ನೆಯನ್ನು ಸೂರ್ಯನ ವಿಷಯದಲ್ಲಿ ಕೇಳಿದರೆ ಉತ್ತರವೇನು? ಶಾಲೆಯ ಪುಸ್ತಕದಲ್ಲಿ ನಡುವೆ ಸೂರ್ಯ, ಸುತ್ತ ಗ್ರಹಗಳ ಉಂಗುರಗಳು. ಕೊನೆಯ ಉಂಗುರ ನೆಪ್ಚೂನಿನದು, ಅದರಾಚೆ ಪುಟದ ಅಂಚು. ಅಂಚಿನಾಚೆ ಏನಿದೆಯೆಂದು ಮಕ್ಕಳು ಕೇಳಿದರೆ ನಾವು ದೊಡ್ಡವರು ಸಾಮಾನ್ಯವಾಗಿ ಮಾತು ಬದಲಾಯಿಸುತ್ತೇವೆ. ವಾಸ್ತವವಾಗಿ ಆ ಅಂಚಿನಾಚೆಗೂ ಬಹುದೂರ ಸೂರ್ಯನದೇ ರಾಜ್ಯ. ಭೂಮಿ ಸೂರ್ಯನಿಂದ ಸುಮಾರು 15 ಕೋಟಿ ಕಿಲೋಮೀಟರು ದೂರದಲ್ಲಿದೆಯಷ್ಟೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಈ ದೂರವನ್ನು ಒಂದು ಮೊಳವೆಂದು ಕರೆಯೋಣ. ಆಗ ನೆಪ್ಚೂನು 30 ಮೊಳದಾಚೆ ಇದೆ. ಸೂರ್ಯನ ಸೀಮೆಯ ಗಡಿ ಬರುವುದು ಸುಮಾರು 120ನೆಯ ಮೊಳಕ್ಕೆ. ಇದನ್ನು ಕಂಡುಹಿಡಿದದ್ದು ಯಾವ ದುರ್ಬೀನೂ ಅಲ್ಲ. ಪರಮಾಣುವಿನ ಚೂರುಗಳನ್ನು ಒಂದೊಂದಾಗಿ ಎಣಿಸುವ, ಅಡಿಗೆಮನೆಯ ಡಬ್ಬಗಳಂಥ ಪುಟ್ಟ ಯಂತ್ರಗಳು. ಆಕಾಶದಲ್ಲಿ ಹೀಗೆ ಎಣಿಸುವ ವಿದ್ಯೆಯನ್ನು ಮೊದಮೊದಲು ಬೆಳೆಸಿದವರಲ್ಲಿ ಒಬ್ಬರು ಉಡುಪಿಯ ಕಡೆಯ ಕನ್ನಡಿಗರು. ಅವರ ವಿಚಾರಕ್ಕೆ ಬರುವ ಮುನ್ನ ಎಣಿಸುವುದು ಏನನ್ನು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಸೂರ್ಯ ಬೆಳಕನ್ನೂ ಬಿಸಿಯನ್ನೂ ಕೊಡುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಅವನ ಮೈಯಿಂದ ಹಗಲಿರುಳೂ ಎಲ್ಲ ದಿಕ್ಕಿಗೂ ಒಂದು ಗಾಳಿ ಬೀಸುತ್ತಿದೆ. ಇದು ನಮ್ಮ ಮರೀನಾ ಕಡಲತೀರದ ಗಾಳಿಯಂಥದಲ್ಲ. ಒಡೆದ ಪರಮಾಣುಗಳ ಗಾಳಿ, ಪ್ರೋಟಾನು ಎಲೆಕ್ಟ್ರಾನುಗಳ ಗಾಳಿ. ಸೌರಮಾರುತವೆಂದು ಇದರ ಹೆಸರು. ಇದರ ವೇಗ ಸೆಕೆಂಡಿಗೆ 300ರಿಂದ 800 ಕಿಲೋಮೀಟರು. ಎಂದರೆ ಬೆಂಗಳೂರು ಮೇಲಿನಲ್ಲಿ ನಾವು ರಾತ್ರಿಯೆಲ್ಲ ಕುಳಿತು ಸವೆಸುವ ದಾರಿಯನ್ನು ಈ ಗಾಳಿ ಸುಮಾರು ಒಂದು ಸೆಕೆಂಡಿನೊಳಗೆ ದಾಟಿಬಿಡುತ್ತದೆ. ನಕ್ಷತ್ರಗಳ ನಡುವಣ ಬಯಲು ಬರಿದೆಂದು ತೋರಿದರೂ ಅಲ್ಲಿ ಬಹಳ ತೆಳುವಾದ ಅನಿಲವಿದೆ. ಸೌರಮಾರುತ ಆ ಅನಿಲವನ್ನು ಹಿಂದಕ್ಕೆ ತಳ್ಳಿ, ಒಂದು ಗುಳ್ಳೆಯನ್ನು ಊದಿದಂತೆ, ತನ್ನದೇ ಒಂದು ಸೀಮೆಯನ್ನು ಮಾಡಿಕೊಂಡಿದೆ. ಬಚ್ಚಲ ಕಲ್ಲಿನ ಮೇಲೆ ನಲ್ಲಿಯ ನೀರು ಬೀಳುವಾಗ ನೋಡಿ: ನೀರು ಬಿದ್ದ ಕಡೆಯಿಂದ ತೆಳ್ಳಗೆ, ರಭಸವಾಗಿ ಹರಡುತ್ತದೆ, ಒಂದಷ್ಟು ದೂರ ಹೋದಮೇಲೆ ಥಟ್ಟನೆ ದಪ್ಪ ಬಳೆಯಂತಾಗಿ ನಿಧಾನವಾಗುತ್ತದೆ. ಸೌರಮಾರುತಕ್ಕೂ ಇಂಥದೊಂದು ಬಳೆ ಇದೆ. ಅದನ್ನು ತಡೆಬಳೆ ಎನ್ನೋಣ. ಅದರಾಚೆ ಗಾಳಿ ಏದುತ್ತ ಸಾಗಿ, ಕೊನೆಗೆ ಹೊರಗಿನ ಅನಿಲಕ್ಕೆ ಮಣಿದು ನಿಲ್ಲುವ ಎಡೆಯೇ ಸೀಮೆ.

ಈ ಬಯಲಿನಲ್ಲಿ ಓಡಾಡುವ ಕಣಗಳೆಲ್ಲ ಒಂದೇ ಚುರುಕಿನವಲ್ಲ. ಅವುಗಳ ಚುರುಕನ್ನು ಅಳೆಯುವ ಮಾನಕ್ಕೆ ಎಲೆಕ್ಟ್ರಾನ್-ವೋಲ್ಟ್ ಎಂದು ಹೆಸರು. ಸೌರಮಾರುತದ ಒಂದು ಪ್ರೋಟಾನಿಗೆ ಸುಮಾರು ಒಂದು ಸಾವಿರ ಎಲೆಕ್ಟ್ರಾನ್-ವೋಲ್ಟಿನ ಚುರುಕಿದ್ದರೆ, ಸೂರ್ಯನಲ್ಲಿ ಆಸ್ಫೋಟವಾದಾಗ ಸಿಡಿಯುವ ಕಣಗಳಿಗೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಇರುತ್ತದೆ. ಬೇರೆ ನಕ್ಷತ್ರಗಳ ಕಡೆಯಿಂದ ನಮ್ಮ ಸೀಮೆಯೊಳಕ್ಕೆ ನುಗ್ಗುವ ವಿಶ್ವಕಿರಣಗಳಿಗೆ ನೂರು ಕೋಟಿ, ಅದಕ್ಕಿಂತಲೂ ಎಷ್ಟೋ ಹೆಚ್ಚು. ಕಿರಣವೆಂಬುದು ವಾಡಿಕೆಯ ಮಾತು, ಅವೂ ಕಣಗಳೇ. ಒಳಗಿನವರು ಯಾರು, ಹೊರಗಿನವರು ಯಾರು ಎಂಬುದನ್ನು ಈ ಚುರುಕಿನಿಂದಲೂ ಬಂದ ದಿಕ್ಕಿನಿಂದಲೂ ಹೇಳಬಹುದು. ಇಡೀ ಶಾಸ್ತ್ರದ ಗುಟ್ಟು ಇಷ್ಟೇ.

ವಿಶ್ವಕಿರಣಗಳಿಗೂ ನಮ್ಮ ನಾಡಿಗೂ ಹಳೆಯ ನಂಟು. 1912ರಲ್ಲಿ ವಿಕ್ಟರ್ ಹೆಸ್ ಎಂಬ ಆಸ್ಟ್ರಿಯದ ವಿಜ್ಞಾನಿ ಬೆಲೂನಿನಲ್ಲಿ ಐದು ಕಿಲೋಮೀಟರಿಗೂ ಮೇಲೆ ಏರಿ, ಈ ಕಿರಣಗಳು ನೆಲದಿಂದ ಬರುವುದಲ್ಲ, ಮೇಲಿನಿಂದ ಸುರಿಯುವುದು ಎಂದು ತೋರಿಸಿದ್ದರು. 1939-40ರ ಚಳಿಗಾಲದಲ್ಲಿ ಅಮೆರಿಕದ ಮಿಲಿಕನ್, ನೀಹರ್, ಪಿಕರಿಂಗ್ ಎಂಬ ಮೂವರು ಹಡಗು ಹತ್ತಿ ನಮ್ಮ ದೇಶಕ್ಕೆ ಬಂದು ಪೆಷಾವರ, ಆಗ್ರಾ, ಬೆಂಗಳೂರುಗಳಿಂದ ಬೆಲೂನುಗಳನ್ನು ಹಾರಿಸಿದರು. ಬೆಂಗಳೂರೇ ಏಕೆಂದರೆ, ಅದು ಭೂಮಿಯ ಅಯಸ್ಕಾಂತದ ನಡುಗೆರೆಗೆ ಹತ್ತಿರ. ಅಲ್ಲಿ ಬಲವಾದ ಕಣಗಳು ಮಾತ್ರ ತೂರಿಬರಬಲ್ಲವು, ದುರ್ಬಲವಾದವನ್ನು ಭೂಮಿಯ ಕಾಂತಶಕ್ತಿ ಬಾಗಿಲಲ್ಲೇ ತಿರುಗಿಸಿ ಕಳುಹಿಸುತ್ತದೆ. ಆಗಲೇ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಹೋಮಿ ಭಾಭಾ ಅವರೂ, ಸರ್ ಸಿ. ವಿ. ರಾಮನ್ನರ ಬಳಿ ತರುಣ ವಿಕ್ರಮ ಸಾರಾಭಾಯಿ ಅವರೂ ವಿಶ್ವಕಿರಣಗಳ ಅಭ್ಯಾಸವನ್ನು ಕೈಗೊಂಡರು. ಬೆಂಗಳೂರಿನ ಆಕಾಶಕ್ಕೆ ಬೆಲೂನು ಬಿಟ್ಟ ಆ ಪಿಕರಿಂಗ್ ಮುಂದೆ 1954ರಿಂದ 1976ರವರೆಗೆ ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಮುಖ್ಯರಾಗಿದ್ದರು. ವಾಯೇಜರ್ ಎಂಬ ಜೋಡಿ ನೌಕೆಗಳು ತಯಾರಾದದ್ದು ಅಲ್ಲಿಯೇ. ಅವುಗಳ ಕಥೆ ಮುಂದೆ ಬರುತ್ತದೆ.

ಈಗ ಉಡುಪಿಯವರ ವಿಚಾರ. ಉಡುಪಿ ರಾಮಚಂದ್ರರಾಯರು 1932ರ ಮಾರ್ಚ್ 10ರಂದು ಅದಮಾರಿನಲ್ಲಿ ಹುಟ್ಟಿದರು. ಯು. ಆರ್. ರಾವ್ ಎಂದರೆ ಇಸ್ರೋ, ಆರ್ಯಭಟ ಎಂದು ಎಲ್ಲರೂ ಹೇಳುವರು. ಅವರು ಮೂಲತಃ ವಿಶ್ವಕಿರಣಗಳ ವಿದ್ಯಾರ್ಥಿ ಎಂಬುದನ್ನು ಬಲ್ಲವರು ಕಡಮೆ. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು, ಬಳ್ಳಾರಿಯ ವೀರಶೈವ ಕಾಲೇಜು, ಅನಂತಪುರದ ಸರ್ಕಾರಿ ಕಾಲೇಜು, ಅಲ್ಲಿಂದ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯ, ಹೀಗೆ ಅವರ ಓದು ಊರೂರು ಅಲೆಯಿತು. ಅವರು ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೆ ಉಡುಪಿ, ಬಳ್ಳಾರಿ, ಅನಂತಪುರ ಮೂರೂ ಮದರಾಸಿಗೆ ಸೇರಿದ ಊರುಗಳೇ, ಅವರ ಬಿ.ಎಸ್‌ಸಿ. ಪದವಿಯೂ ಮದರಾಸು ವಿಶ್ವವಿದ್ಯಾನಿಲಯದ್ದೇ. ಆಮೇಲೆ ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ಸಾರಾಭಾಯಿ ಅವರ ಶಿಷ್ಯರಾಗಿ, ವಿಶ್ವಕಿರಣಗಳ ಸುರಿಮಳೆ ದಿನದ ಹೊತ್ತಿಗೆ ತಕ್ಕಂತೆ ಏಕೆ ಏರಿಳಿಯುತ್ತದೆ ಎಂಬ ಪ್ರಶ್ನೆಯನ್ನು ಹಿಡಿದರು. ಸಾರಾಭಾಯಿ ಅವರ ಎಣಿಕೆಯ ಠಾಣೆಗಳಲ್ಲಿ ನಮ್ಮ ಕೊಡೈಕಾನಲ್ಲೂ ಒಂದಾಗಿತ್ತು.

ನೆಲದ ಮೇಲೆ ಕುಳಿತು ಎಣಿಸುವುದಕ್ಕೆ ಒಂದು ಅಡ್ಡಿಯುಂಟು. ಭೂಮಿಯ ಗಾಳಿಯೂ ಕಾಂತಶಕ್ತಿಯೂ ಕಣಗಳನ್ನು ಸೋಸಿ, ದಾರಿ ತಿರುಗಿಸಿ ಕಳುಹಿಸುತ್ತವೆ. ಮೂಲದಲ್ಲಿ ಅದು ಎತ್ತಲಿಂದ ಬಂತೆಂದು ಹೇಳಬೇಕಾದರೆ ಭೂಮಿಯನ್ನು ಬಿಟ್ಟು ಹೊರಗೆ ಹೋಗಬೇಕು. ರಾಯರು ಅಮೆರಿಕಕ್ಕೆ ಹೋದದ್ದು ಅಂಥ ನೌಕೆಗಳು ಆಗತಾನೆ ಹಾರತೊಡಗಿದ ಕಾಲದಲ್ಲಿ. 1962ರ ಆಗಸ್ಟಿನಲ್ಲಿ ಹೊರಟು ಶುಕ್ರಗ್ರಹದ ಕಡೆಗೆ ಸಾಗಿದ ಮ್ಯಾರಿನರ್ 2 ಎಂಬ ನೌಕೆ ಸೌರಮಾರುತ ಎಡೆಬಿಡದೆ ಬೀಸುತ್ತದೆ ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿತು. ಆ ಅಳತೆಗಳನ್ನು ಭೂಮಿಯ ಕಾಂತಶಕ್ತಿಯ ಕಲಕುವಿಕೆಯೊಡನೆಯೂ ವಿಶ್ವಕಿರಣಗಳ ಏರಿಳಿತದೊಡನೆಯೂ ಹೋಲಿಸಿ 1963ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಮೂರು ಹೆಸರುಗಳಿವೆ: ಸ್ನೈಡರ್, ನ್ಯೂಗೆಬಾವರ್, ರಾವ್. ಗಾಳಿ ರಭಸವಾದಾಗ ಭೂಮಿಯ ಕಾಂತಶಕ್ತಿಯೂ ಕಲಕುತ್ತದೆ ಎಂಬ ಲೆಕ್ಕ ಅದರಲ್ಲಿ ಬಂದಿತು.

ಬಳಿಕ ಅವರು ಟೆಕ್ಸಾಸಿನ ಡಲ್ಲಾಸಿನಲ್ಲಿ ಬಾರ್ಟ್ಲಿ, ಮೆಕ್ರಾಕನ್ ಎಂಬ ಸಹೋದ್ಯೋಗಿಗಳೊಡನೆ ಪಯೊನಿಯರ್ 6 ಎಂಬ ನೌಕೆಗಾಗಿ ಒಂದು ಎಣಿಕೆಯ ಯಂತ್ರವನ್ನು ಮಾಡಿದರು. ಕಣ ಬಂದು ಬಡಿದರೆ ಮಿಣುಕೆಂದು ಬೆಳಗುವ ಹರಳೊಂದು ಅದರ ಹೃದಯ. ನೌಕೆ ಬುಗುರಿಯಂತೆ ಸೆಕೆಂಡಿಗೊಂದು ಸುತ್ತು ತಿರುಗುತ್ತಿತ್ತು. ರಾಯರ ತಂಡ ಆ ಸುತ್ತನ್ನೇ ಉಪಯೋಗಿಸಿಕೊಂಡು ಆಕಾಶವನ್ನು ನಾಲ್ಕು ಕಾಲುಭಾಗಗಳಾಗಿ ಹಂಚಿ, ಯಾವ ಭಾಗದಿಂದ ಎಷ್ಟು ಕಣಗಳು ಬಂದವೆಂದು ಬೇರೆ ಬೇರೆ ಲೆಕ್ಕ ಇಟ್ಟಿತು. ಎಷ್ಟು ಸರಳ! ಆದರೆ 75 ಲಕ್ಷದಿಂದ 9 ಕೋಟಿ ಎಲೆಕ್ಟ್ರಾನ್-ವೋಲ್ಟಿನವರೆಗಿನ ಕಣಗಳ ದಿಕ್ಕನ್ನು ಭೂಮಿಯ ಹಂಗಿಲ್ಲದೆ ಇಷ್ಟು ಚೊಕ್ಕವಾಗಿ ಹಿಡಿಯುವ ಸಲಕರಣೆ ಆಗ ಹೊಸದು. 1965ರ ಡಿಸೆಂಬರ್ 16ರಂದು ಪಯೊನಿಯರ್ 6 ಹಾರಿತು. ಸೂರ್ಯನಲ್ಲಿ ಆಸ್ಫೋಟವಾದಾಗ ಕಣಗಳು ಸೂರ್ಯನ ಕಡೆಯಿಂದ ನೇರವಾಗಿ ಬರಲಿಲ್ಲ. ಅವನಿಗೆ ಓರೆಯಾಗಿ, ಪಶ್ಚಿಮಕ್ಕೆ ಸರಿದ ದಿಕ್ಕಿನಿಂದ ಬಂದವು. ದೀಪಾವಳಿಯ ಭೂಚಕ್ರ ಗಿರ್ರನೆ ತಿರುಗುವಾಗ ಕಿಡಿಗಳು ಬಾಗಿದ ಗೆರೆಗಳಾಗಿ ಕಾಣುವುದಷ್ಟೆ? ತನ್ನ ಸುತ್ತ ತಿರುಗುವ ಸೂರ್ಯನ ಕಾಂತರೇಖೆಗಳೂ ಹಾಗೆಯೇ ಬಾಗಿವೆ. ಕಣಗಳು ಆ ಬಾಗಿದ ಓಣಿಗಳಲ್ಲಿಯೇ ನಡೆದು ಬರುತ್ತವೆ. ಪಯೊನಿಯರ್ 7, 8, 9ರಲ್ಲಿಯೂ ಈ ಕೆಲಸ ಮುಂದುವರಿಯಿತು. ಪಯೊನಿಯರ್ 6ನ್ನು 2000ದ ಡಿಸೆಂಬರಿನಲ್ಲಿ, ಮೂವತ್ತೈದು ವರ್ಷ ತುಂಬಿದ ಸಂದರ್ಭದಲ್ಲಿ ಕೂಗಿ ಕರೆದಾಗ ಅದು ಓಗೊಟ್ಟಿತೆಂಬುದು ಸಣ್ಣ ಮಾತಲ್ಲ.

ರಾಯರು 1966ರಲ್ಲಿ ಅಹಮದಾಬಾದಿಗೆ ಹಿಂದಿರುಗಿದರು. 1972ರ ಹೊತ್ತಿಗೆ ಉಪಗ್ರಹಗಳನ್ನು ಕಟ್ಟುವ ಹೊಣೆ ಅವರ ಹೆಗಲೇರಿತು; ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ರೂಪುಗೊಂಡು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಆ ಕಥೆಯನ್ನು ಅನೇಕರು ಬರೆದಿದ್ದಾರೆ. ನಾವು ಎಣಿಕೆಯ ದಾರಿಯನ್ನೇ ಹಿಡಿದು ಹೊರಕ್ಕೆ ಹೋಗೋಣ.

1972ರ ಮಾರ್ಚಿನಲ್ಲಿ ಹೊರಟ ಪಯೊನಿಯರ್ 10 ಮರುವರ್ಷದ ಡಿಸೆಂಬರಿನಲ್ಲಿ ಗುರುಗ್ರಹದ ಬಳಿ ಹಾಯ್ದಾಗ ಅಲ್ಲಿನ ಕಣಗಳ ದಾಳಿಗೆ ಕೆಲವು ಉಪಕರಣಗಳು ಎಣಿಸಲಾರದೆ ಸೋತವು. ಈ ಪಾಠದಿಂದಲೇ ವಾಯೇಜರುಗಳಿಗೆ ಗಟ್ಟಿ ಕವಚ ತೊಡಿಸಿದರು. ಪಯೊನಿಯರ್ 10ರ ಕೊನೆಯ ಕ್ಷೀಣ ದನಿ 2003ರ ಜನವರಿ 23ರಂದು ಕೇಳಿಬಂತು. ಅದು ಆಗ 82 ಮೊಳದಲ್ಲಿತ್ತು. ಗಡಿಯನ್ನು ಮುಟ್ಟುವ ಮೊದಲೇ ಮೂಕವಾಯಿತು.

ಉಳಿದದ್ದು ವಾಯೇಜರುಗಳು. ವಾಯೇಜರ್ 2 ಹೊರಟದ್ದು 1977ರ ಆಗಸ್ಟ್ 20ರಂದು, ವಾಯೇಜರ್ 1 ಸೆಪ್ಟೆಂಬರ್ 5ರಂದು. ಎರಡರಲ್ಲಿಯೂ ಕಣಗಳನ್ನೆಣಿಸುವ ಎರಡೆರಡು ಸಲಕರಣೆಗಳು: ವಿಶ್ವಕಿರಣಗಳಿಗೊಂದು, ಅದಕ್ಕಿಂತ ಕಡಮೆ ಚುರುಕಿನ ಕಣಗಳಿಗೊಂದು. ಮೊದಲನೆಯದನ್ನು ಎಡ್ವರ್ಡ್ ಸ್ಟೋನ್, ಎರಡನೆಯದನ್ನು ಗ್ರೀಸ್ ದೇಶದಿಂದ ವಲಸೆ ಬಂದ ಸ್ಟಮಾಟಿಯೊಸ್ ಕ್ರಿಮಿಗಿಸ್ ನೋಡಿಕೊಂಡರು. ಈ ಎರಡನೆಯದರ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ವಾಯೇಜರುಗಳು ಪಯೊನಿಯರಿನಂತೆ ಬುಗುರಿಯಾಡುವುದಿಲ್ಲ. ಆದ್ದರಿಂದ ದಿಕ್ಕನ್ನು ತಿಳಿಯಲು ಸಲಕರಣೆಯನ್ನೇ ತಿರುಗಿಸಬೇಕು. ಅದಕ್ಕೊಂದು ಪುಟ್ಟ ಮೋಟಾರು. 192 ಸೆಕೆಂಡಿಗೊಮ್ಮೆ ಟಿಕ್ಕೆಂದು ಒಂದು ಹೆಜ್ಜೆ ತಿರುಗುತ್ತದೆ. ಅದನ್ನು ಪರೀಕ್ಷಿಸಿದ್ದು 5 ಲಕ್ಷ ಹೆಜ್ಜೆಗಳಿಗೆ, ಶನಿಗ್ರಹವನ್ನು ಕಂಡುಬರುವಷ್ಟಕ್ಕೆ. ವಾಯೇಜರ್ 2ರ ಮೋಟಾರು 85 ಲಕ್ಷಕ್ಕೂ ಹೆಚ್ಚು ಹೆಜ್ಜೆ ಹಾಕಿತು. ಎಣ್ಣೆ ಹಾಕುವವರಿಲ್ಲ, ತಿರುಪು ಬಿಗಿಮಾಡುವವರಿಲ್ಲ. ಕಡುಚಳಿಯಲ್ಲಿ ನಲವತ್ತೇಳು ವರ್ಷ! ನಮ್ಮ ಮನೆಗಳ ಗ್ರೈಂಡರಿನ ಮೋಟಾರುಗಳನ್ನು ಕಂಡಿರುವ ಗೃಹಿಣಿಯರು ಇದರ ಬೆಲೆಯನ್ನು ತಟ್ಟನೆ ಅರಿತಾರು.

ವಾಯೇಜರ್ 1 ತಡೆಬಳೆಯನ್ನು ದಾಟಿದ್ದು 2004ರ ಡಿಸೆಂಬರಿನಲ್ಲಿ, 94ನೆಯ ಮೊಳದಲ್ಲಿ. ಇಲ್ಲಿ ವಿಜ್ಞಾನಿಗಳಿಗೆ ಒಂದು ಮುಖಭಂಗವಾಯಿತು. ಅದನ್ನು ತಿಳಿಯಲು ವಿಚಿತ್ರ ಜಾತಿಯ ಕೆಲವು ಕಣಗಳ ಪರಿಚಯ ಬೇಕು. ನಕ್ಷತ್ರಗಳ ನಡುವಣ ಅನಿಲದ ಪರಮಾಣುಗಳು ಯಾವ ತಡೆಯೂ ಇಲ್ಲದೆ ಸೂರ್ಯನ ಸೀಮೆಯೊಳಕ್ಕೆ ತೇಲಿಬರುತ್ತವೆ. ಹತ್ತಿರಕ್ಕೆ ಬಂದಾಗ ಸೂರ್ಯನ ಪ್ರಭಾವಕ್ಕೆ ಸಿಕ್ಕಿ ಒಂದು ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತವೆ. ಕಳೆದುಕೊಂಡ ಕೂಡಲೇ ಸೌರಮಾರುತ ಅವನ್ನು ಎತ್ತಿ ಹೊರಕ್ಕೆ ಒಯ್ಯುತ್ತದೆ. ಹೊರಗಿನ ಅಂಚಿನಲ್ಲಿ ಬಲವನ್ನು ಗಳಿಸಿ, ಸಾವಿರಾರು ಪಟ್ಟು ಚುರುಕಾಗಿ ಮತ್ತೆ ಒಳಕ್ಕೆ ನುಗ್ಗುತ್ತವೆ. ಹೊರಗಿನಿಂದ ಬಂದು, ಇದ್ದುದನ್ನು ಸ್ವಲ್ಪ ಕಳೆದುಕೊಂಡು, ಅಲೆದಾಡಿ ಕಸುವು ಸಂಪಾದಿಸಿದ ಈ ಕಣಗಳ ಮೇಲೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಸ್ವಲ್ಪ ಮಮತೆ ಹುಟ್ಟಿದರೆ ತಪ್ಪಿಲ್ಲ. ಇವು ನಿಜವಾಗಿಯೂ ಒಂದೇ ಎಲೆಕ್ಟ್ರಾನನ್ನು ಕಳೆದುಕೊಂಡವೋ ಎಂದು ಪರೀಕ್ಷಿಸಲು ನಮ್ಮ ದೇಶದವರೇ ‘ಅನುರಾಧಾ’ ಎಂಬ ಉಪಕರಣವನ್ನು ಮಾಡಿ 1985ರ ಏಪ್ರಿಲ್-ಮೇ ತಿಂಗಳಲ್ಲಿ ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಕಳುಹಿಸಿದರು. ಕಣಗಳು ತೂರಿಹೋದ ಜಾಡನ್ನು ಹಿಡಿಯುವ ಪ್ಲಾಸ್ಟಿಕ್ ಹಾಳೆಗಳ ಕಟ್ಟು ಅದು. ಅದರ ಫಲಿತಾಂಶ ಈ ಕಥೆಗೆ ಪುಷ್ಟಿ ಕೊಟ್ಟಿತು.

ಈ ಕಣಗಳು ಬಲ ಗಳಿಸುವ ಗರಡಿಮನೆ ತಡೆಬಳೆಯೇ ಎಂದು ಎಲ್ಲರೂ ನಂಬಿದ್ದರು. ವಾಯೇಜರ್ 1 ಅಲ್ಲಿಗೆ ಹೋಗಿ ನೋಡಿದರೆ ಗರಡಿ ಖಾಲಿ! ಕಣಗಳ ಎಣಿಕೆ ಅಲ್ಲಿ ಶಿಖರಕ್ಕೆ ಏರಲಿಲ್ಲ. ಬಳೆಯನ್ನು ದಾಟಿ ಮುಂದೆ ಹೋದಂತೆಲ್ಲ ಏರುತ್ತಲೇ ಹೋಯಿತು. ಬಳೆಯ ಬೇರೆ ಮಗ್ಗುಲುಗಳಲ್ಲಿ ಬಲ ಗಳಿಸುತ್ತವೆಂದು ಕೆಲವರು, ಬಳೆಗೂ ಗಡಿಗೂ ನಡುವಣ ಕಲಕಿದ ಬಯಲಿನಲ್ಲಿ ಎಂದು ಕೆಲವರು ವಾದಿಸಿದರು. ದೂರದಿಂದ ಲೆಕ್ಕ ಹಾಕುವುದು ಬೇರೆ, ಹೋಗಿ ನಿಂತು ಎಣಿಸುವುದು ಬೇರೆ.

ಇನ್ನು 2012ರ ಬೇಸಗೆ. ಜುಲೈ 28ರಂದು ವಾಯೇಜರ್ 1ರ ಎಣಿಕೆಯಲ್ಲಿ ಒಳಗಿನ ಕಣಗಳು ಧುತ್ತೆಂದು ಕುಸಿದವು. ಕೆಲವೇ ದಿನಗಳಲ್ಲಿ ಮತ್ತೆ ಮೊದಲಿನಂತಾದವು. ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ ಕುಸಿತ, ಮತ್ತೆ ಚೇತರಿಕೆ. ಬೆಸಂಟ್ ನಗರದ ತೀರದಲ್ಲಿ ನಿಂತವನ ಕಾಲನ್ನು ಅಲೆ ಮುಟ್ಟಿ ಹಿಂದೆ ಸರಿಯುವಂತೆ. ಆಗಸ್ಟ್ 25ರಂದು ಮೂರನೆಯ ಸಲ ಕುಸಿದವು ಮತ್ತೆ ಏಳಲಿಲ್ಲ. ಮುಂದಿನ ದಿನಗಳಲ್ಲಿ ಒಳಗಿನ ಕಣಗಳ ಎಣಿಕೆ ಸಾವಿರದಲ್ಲೊಂದು ಪಾಲಿಗಿಂತಲೂ ಕೆಳಗಿಳಿಯಿತು. ಅದೇ ಗಳಿಗೆಗೆ ಹೊರಗಿನ ವಿಶ್ವಕಿರಣಗಳು ನೂರಕ್ಕೆ ಒಂಬತ್ತರಷ್ಟು ಏರಿ ಅಲ್ಲಿಯೇ ನಿಂತವು. ನೌಕೆ ಆಗ ಸೂರ್ಯನಿಂದ 1,820 ಕೋಟಿ ಕಿಲೋಮೀಟರು, ಎಂದರೆ ನಮ್ಮ ಲೆಕ್ಕದ 121ನೆಯ ಮೊಳವನ್ನು ದಾಟಿತ್ತು. ಅಲ್ಲಿ ಬೇಲಿಯಿಲ್ಲ, ಬೆಳಕಿನಲ್ಲಿ ಬದಲಾವಣೆಯಿಲ್ಲ. ಒಂದು ಗೆರೆ ಇಳಿಯಿತು, ಇನ್ನೊಂದು ಗೆರೆ ಏರಿತು, ಅಷ್ಟೆ.

ಇಷ್ಟು ಸ್ಪಷ್ಟವಿದ್ದರೂ ವಿಜ್ಞಾನಿಗಳು ಡಂಗುರ ಹೊಡೆಸಲಿಲ್ಲ. ಕಾರಣ, ಸೀಮೆ ದಾಟಿದರೆ ಕಾಂತರೇಖೆಗಳ ದಿಕ್ಕು ಬದಲಾಗಬೇಕೆಂದು ಎಣಿಸಿದ್ದರು. ಅದು ಬದಲಾಗಲೇ ಇಲ್ಲ. ಅನಿಲದ ಸಾಂದ್ರತೆಯನ್ನು ನೇರವಾಗಿ ಅಳೆಯುವ ಯಂತ್ರವೋ, ವಾಯೇಜರ್ 1ರಲ್ಲಿ 1980ರಲ್ಲಿಯೇ ಕೆಟ್ಟುಹೋಗಿತ್ತು. ಒಂದು ವರ್ಷ ಪಕ್ಷ ಪ್ರತಿಪಕ್ಷಗಳ ವಾದ ನಡೆಯಿತು. ಕೊನೆಗೆ ತೀರ್ಪು ಕೊಟ್ಟವನು ಸೂರ್ಯನೇ. 2012ರ ಮಾರ್ಚಿನಲ್ಲಿ ಅವನಲ್ಲಾದ ಆಸ್ಫೋಟದ ಅಲೆ ವರ್ಷಕ್ಕೂ ಮೇಲ್ಪಟ್ಟು ನಡೆದು 2013ರ ಏಪ್ರಿಲಿನಲ್ಲಿ ನೌಕೆಯ ಸುತ್ತಣ ಅನಿಲವನ್ನು ತಂಬೂರಿಯ ತಂತಿಯಂತೆ ಮಿಡಿಯಿತು. ಆ ಮಿಡಿತದ ಶ್ರುತಿಯಿಂದ ಲೆಕ್ಕ ಹಾಕಿದರೆ ಸುತ್ತಣ ಅನಿಲ ಸೀಮೆಯೊಳಗಿನದಕ್ಕಿಂತ ನಲವತ್ತು ಪಟ್ಟಿಗೂ ಮಿಗಿಲಾಗಿ ದಟ್ಟ! ಹಾಗಾದರೆ ನೌಕೆ ಹೊರಗಿದೆ. 2013ರ ಸೆಪ್ಟೆಂಬರ್ 12ರಂದು ಅಧಿಕೃತವಾಗಿ ಸಾರಿದರು. ಕಣಗಳ ಎಣಿಕೆ ಹೇಳಿದ ದಿನವೇ ಸರಿಯಾದ ದಿನವಾಗಿತ್ತು. ವಾಯೇಜರ್ 2 ತನ್ನ ಸುಸ್ಥಿತಿಯಲ್ಲಿದ್ದ ಯಂತ್ರಗಳೊಡನೆ 2018ರ ನವೆಂಬರ್ 5ರಂದು, 119ನೆಯ ಮೊಳದಲ್ಲಿ, ಬೇರೊಂದು ದಿಕ್ಕಿನಿಂದ ಗಡಿ ದಾಟಿತು. ಈ ಸಲ ವಾದಕ್ಕೆ ಎಡೆಯೇ ಇರಲಿಲ್ಲ. ಮೊದಲ ದಾಟುವಿಕೆಯ ವಾರ್ತೆಯನ್ನು ಕೇಳಲು ರಾಮಚಂದ್ರರಾಯರು ಇದ್ದರು, ಎರಡನೆಯದಕ್ಕೆ ಇರಲಿಲ್ಲ. 2017ರ ಜುಲೈ 24ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಇದರಿಂದ ನಮಗಾದ ಲಾಭವೇನೆಂದು ಕೇಳುವವರುಂಟು, ಕೇಳುವುದು ನ್ಯಾಯವೂ ಹೌದು. ಹೊರಗಿನ ವಿಶ್ವಕಿರಣಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತನ್ನು ಸೂರ್ಯನ ಈ ಗುಳ್ಳೆ ಹೊರಗೇ ತಡೆಯುತ್ತದೆ ಎಂಬುದು ಹೊರಗೆ ಹೋಗಿ ಎಣಿಸಿದ್ದರಿಂದ ತಿಳಿದ ಮಾತು. ನಮ್ಮ ತಲೆಯ ಮೇಲೆ ಭೂಮಿಯ ಗಾಳಿಯ ಚಾವಣಿಯಿದೆ, ಕಾಂತಶಕ್ತಿಯ ಗೋಡೆಯಿದೆ. ಅವೆರಡರಾಚೆ ಇಷ್ಟು ದೊಡ್ಡದೊಂದು ಕಾಂಪೌಂಡು ಇದೆಯೆಂದು ಗೊತ್ತಾದದ್ದು, ಮುಂದೆ ಮಂಗಳನವರೆಗೆ ಮನುಷ್ಯರನ್ನು ಕಳುಹಿಸಬೇಕೆನ್ನುವವರಿಗಂತೂ ಬಹಳ ಮುಖ್ಯ.

ನಮಗೆ, ಊರು ಬಿಟ್ಟ ಕನ್ನಡಿಗರಿಗೆ, ಈ ನೌಕೆಗಳ ಮೇಲೆ ಇನ್ನೊಂದು ಹಕ್ಕೂ ಇದೆ. ಎರಡು ವಾಯೇಜರುಗಳಲ್ಲಿಯೂ ಚಿನ್ನದ ಲೇಪದ ಹನ್ನೆರಡು ಇಂಚಿನ ತಾಮ್ರದ ರೆಕಾರ್ಡು ಒಂದೊಂದಿದೆ. ಕಾರ್ಲ್ ಸೇಗನ್ನರ ತಂಡ ಸಿದ್ಧಪಡಿಸಿದ್ದು. ಅದರಲ್ಲಿ 55 ಭಾಷೆಗಳ ನುಡಿಗಳಿವೆ, ಕನ್ನಡವೂ ಇದೆ. ಕನ್ನಡಿಗರ ಪರವಾಗಿ ಶುಭಾಶಯವನ್ನು ಹೇಳುವ ಒಂದು ಪುಟ್ಟ ಮಾತು. ತಮಿಳು ಆ ಪಟ್ಟಿಯಲ್ಲಿಲ್ಲ. ಇದನ್ನು ಮಾಂಬಲದ ನೆರೆಹೊರೆಯವರ ಮುಂದೆ ಆಡಿ ಜಂಭಪಡುವಂಥ ವಿಷಯವೇನೂ ಅಲ್ಲ. ಬಹುಪಾಲು ಧ್ವನಿಮುದ್ರಣ ನಡೆದದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ, ಅವಸರದಲ್ಲಿ. ಕೈಗೆ ಸಿಕ್ಕಿದವರ ಭಾಷೆ ಸೇರಿತು, ಸಿಕ್ಕದವರ ಭಾಷೆ ಉಳಿಯಿತು. ಪರದೇಶದಲ್ಲಿದ್ದ ಒಬ್ಬ ಕನ್ನಡಿಗರು ಕರೆದಾಗ ಹೋಗಿ ನಾಲ್ಕು ಮಾತಾಡಿದ್ದರಿಂದ ಕನ್ನಡ ಸೂರ್ಯನ ಸೀಮೆಯನ್ನು ದಾಟಿತು. ಮನೆಯಲ್ಲಿ ಮಕ್ಕಳೊಡನೆ ಕನ್ನಡದಲ್ಲಿ ಮಾತಾಡಲು ಹಿಂಜರಿಯುವ ತಂದೆತಾಯಿಗಳು ಸಂಘದಲ್ಲಿ ಸಿಕ್ಕಾಗ ನಾವು ಈ ಸಂಗತಿಯನ್ನು ಬೇಕೆಂದೇ ಎತ್ತುವುದುಂಟು.

ಆದರೆ ಎಣಿಕೆಯವರ ಕಾಲ ಮುಗಿಯುತ್ತ ಬಂದಿದೆ. ನೌಕೆಗಳಿಗೆ ಶಕ್ತಿ ಬರುವುದು ಪ್ಲುಟೋನಿಯಂ ಧಾತುವಿನ ಕಾವಿನಿಂದ. ಹೊರಟಾಗ 470 ವ್ಯಾಟ್ ಇದ್ದದ್ದು ವರ್ಷಕ್ಕೆ ನಾಲ್ಕು ವ್ಯಾಟಿನಂತೆ ಇಳಿಯುತ್ತಿದೆ. ಹಳೆಯ ಮನೆಯಲ್ಲಿ ಒಂದೊಂದೇ ಕೋಣೆಯ ದೀಪ ಆರಿಸಿದಂತೆ ಉಪಕರಣಗಳನ್ನು ಆರಿಸುತ್ತ ಬಂದರು. 2025ರ ಫೆಬ್ರವರಿ 25ರಂದು ವಾಯೇಜರ್ 1ರ ವಿಶ್ವಕಿರಣದ ಸಲಕರಣೆ, ಗಡಿ ದಾಟಿದ್ದನ್ನು ಹೇಳಿದ ಅದೇ ಸಲಕರಣೆ, ನಿಂತಿತು. ಮಾರ್ಚ್ 24ರಂದು ವಾಯೇಜರ್ 2ರ ಆ 85 ಲಕ್ಷ ಹೆಜ್ಜೆಯ ಮೋಟಾರಿಗೂ ವಿಶ್ರಾಂತಿ ಕೊಟ್ಟರು. ಐವತ್ತು ವರ್ಷ ಇದರ ಹಿರಿಯ ವಿಜ್ಞಾನಿಯಾಗಿದ್ದ ಸ್ಟೋನ್ ಅದಕ್ಕೂ ಮೊದಲೇ, 2024ರ ಜೂನಿನಲ್ಲಿ, ಕಾಲವಾಗಿದ್ದರು. ಹಿಂದಿನಿಂದ ಹೋಗುತ್ತಿರುವುದು 2006ರಲ್ಲಿ ಹೊರಟ ನ್ಯೂ ಹೊರೈಜನ್ಸ್ ಒಂದೇ. 2024ರಲ್ಲಿ ಅದು 60ನೆಯ ಮೊಳವನ್ನು ಮುಟ್ಟಿತು, ಎಂದರೆ ಅರ್ಧ ದಾರಿ. ಗಡಿಯಾಚೆಗೆ ಎಣಿಸಲು ಹೊಸಬರನ್ನು ಕಳುಹಿಸಬೇಕಾದರೆ ಇಂದು ಹೊರಟರೂ ದಶಕಗಳು ಬೇಕು. ತಲೆಮಾರುಗಳ ಈ ಕೆಲಸಕ್ಕೆ ಹಣ ಒದಗಿಸುವ ಸರ್ಕಾರಗಳಿಗೆ ಅಷ್ಟು ತಾಳ್ಮೆ ಇದ್ದೀತೆ ಎಂಬುದೇ ನಮ್ಮ ಆತಂಕ.

ಎಣಿಕೆ ನಮ್ಮ ನೆರೆಯಲ್ಲಿ ಮಾತ್ರ ನಿಂತಿಲ್ಲ. 2023ರ ಸೆಪ್ಟೆಂಬರ್ 2ರ ಮಧ್ಯಾಹ್ನಕ್ಕೆ ಹತ್ತು ನಿಮಿಷವಿರುವಾಗ ಶ್ರೀಹರಿಕೋಟೆಯಿಂದ ಆದಿತ್ಯ-ಎಲ್1 ಹಾರಿತು. ಮೋಡವಿಲ್ಲದ ದಿನಗಳಲ್ಲಿ ಅಲ್ಲಿನ ರಾಕೆಟ್ಟಿನ ಬೆಂಕಿಯ ಬಾಲ ನಮ್ಮ ತಾರಸಿಗಳಿಗೇ ಕಾಣುವುದಷ್ಟೆ. ಅದರಲ್ಲಿರುವ ಆಸ್ಪೆಕ್ಸ್ ಎಂಬ ಉಪಕರಣ ಸೂರ್ಯನ ಕಣಗಳನ್ನು ಹಲವು ದಿಕ್ಕುಗಳಿಂದ ಎಣಿಸುತ್ತದೆ. ಮಾಡಿದವರು ರಾಯರು ಕಲಿತ ಅಹಮದಾಬಾದಿನ ಅದೇ ಪ್ರಯೋಗಾಲಯದವರು. ನೌಕೆಯನ್ನು ಜೋಡಿಸಿದ್ದು ಈಗ ರಾಯರ ಹೆಸರನ್ನೇ ಹೊತ್ತಿರುವ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ.

ವಾಯೇಜರ್ 1 ಎತ್ತ ಹೋಗುತ್ತಿದೆಯೆಂದು ಮಕ್ಕಳಿಗೆ ತೋರಿಸಬೇಕೆನ್ನುವವರಿಗೆ ಒಂದು ಸುಲಭವಾದ ಗುರುತು ಹೇಳುತ್ತೇವೆ. ಅದು ಸಾಗುತ್ತಿರುವ ದಿಕ್ಕು ಆಕಾಶದ ನಡುಗೆರೆಯಿಂದ ಉತ್ತರಕ್ಕೆ ಸುಮಾರು ಹನ್ನೆರಡು ಡಿಗ್ರಿಯಲ್ಲಿದೆ. ಚೆನ್ನೈ, ಬೆಂಗಳೂರು, ಉಡುಪಿ ಮೂರೂ ಹದಿಮೂರರ ಆಸುಪಾಸು. ಹೀಗಾಗಿ ದಿನಕ್ಕೊಮ್ಮೆ ಅದು ಈ ಮೂರು ಊರುಗಳ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ, ಉಡುಪಿಗೆ ನಮಗಿಂತ ಸುಮಾರು ಇಪ್ಪತ್ತು ನಿಮಿಷ ತಡವಾಗಿ. ಆಗಸ್ಟ್ ಮೊದಲ ವಾರದಲ್ಲಾದರೆ ರಾತ್ರಿ ಎಂಟೂವರೆಯ ಹೊತ್ತಿಗೆ, ಊಟಕ್ಕೆ ಕೂಡುವ ಮುನ್ನ, ತಾರಸಿಯನ್ನು ಹತ್ತಿ ಕತ್ತನ್ನು ಪೂರ್ತಿ ಹಿಂದಕ್ಕೆ ಬಾಗಿಸಿದರೆ ಸಾಕು. ನೌಕೆ ಕಾಣದು. 2025ರಲ್ಲಿ ಅಲ್ಲಿಂದ ಹೊರಟ ರೇಡಿಯೋ ದನಿ ಇಲ್ಲಿಗೆ ಬಂದು ಮುಟ್ಟಲು 23 ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು.